ಮಲ್ಲ್ಯಾ ಎಂದವರು ಯಾರು?

ಹೋದ ತಿಂಗಳು ಒಂದು ಮಧ್ಯಾಹ್ನ ಜೋರಾಪುರ ಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಮಲ್ಲಪ್ಪಕಾಕಾನನ್ನು ಯಾರೋ ಏಕವಚನದಲ್ಲಿ ಕರೆದರು. ಕಾಕಾಗೆ ಎಪ್ಪತ್ತೆರಡು. ರಿಟೈರ್ಡ್ ಹೆಡ್‌ಮಾಸ್ತರ್. ಓಣಿಯ ನಾಯಿಯೂ ಅವರಿಗೆ ‘ರಿ’ ಹಚ್ಚಿಯೇ ಬೊಗಳುತ್ತದೆ ಅನ್ನಿ!

ಕರೆದವರು ಗಂಗಾಕಾಕು. ಅವರ ಹೆಂಡತಿ.

ಘೋಣಸಗಿಯಿಂದ ಸೊಸೆಯಾಗಿ ಬಂದ ಕಾಕು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಗಂಡನ ಹೆಸರು ಹೇಳಿದವರಲ್ಲ. ‘ರೀ’, ಇಲ್ಲವೇ ‘ನಮ್ಮನಿಯವರು’. ಆಧಾರ್ ಕೌಂಟರಿನಲ್ಲಿ ಕೇಳಿದಾಗಲೂ ನನ್ನ ಮುಖ ನೋಡಿದ್ದರು. (ಹೆಸರು ನಾನು ಹೇಳಿದೆ. ನಾಚಿದ್ದು ಅವರು.)

ಅಂಥ ಕಾಕು ಮೂರು ದಿನದಿಂದ ಜ್ವರದಲ್ಲಿ ಮಲಗಿದ್ದರು. ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆ. ಬಾಗಿಲ ಬಳಿ ಖುರ್ಚಿಯಲ್ಲಿ ಕಾಕಾ. ಇದ್ದಕ್ಕಿದ್ದಂತೆ ಕಾಕು ಕಣ್ಣು ತೆರೆದರು. ದನಿ ಅವರದಾಗಿರಲಿಲ್ಲ.

“ಲೇ ಮಲ್ಲ್ಯಾ, ಉಂಡ್ಯೇನಲೇ?”

“ಇನ್ನೂ ಇಲ್ಲಬೇ ಯವ್ವಾ.”

ಥಟ್ಟನೆ ಓಗೊಟ್ಟವರು ಕಾಕಾ, ಶಾಲೆಯಿಂದ ಬಂದ ಹುಡುಗನ ಹಾಗೆ. ಮರುಕ್ಷಣ ಬಾಯಿ ಮುಚ್ಚಿಕೊಂಡರು.

“ನಮ್ಮವ್ವ ಹಿಂಗ ಕರೀತಿದ್ಲು,” ಪಿಸುಗುಟ್ಟಿದರು. “ಇದ ದನಿ. ಆಕಿ ಹೋಗಿದ್ದು ನನ್ನ ಲಗ್ನಕ್ಕಿಂತ ಮೊದ್ಲ. ನಿಮ್ಮ ಕಾಕು ಆಕೀನ್ನ ನೋಡೇ ಇಲ್ಲ!”

ಜ್ವರದಲ್ಲಿ ಜನ ಬಡಬಡಿಸುತ್ತಾರೆ, ಒಪ್ಪಿದೆ. ಎಂದೂ ಕೇಳದವರ ದನಿಯಲ್ಲೇ?

‘ರಿ’ ಯಾರು ಬೇಕಾದರೂ ಹಚ್ಚಬಹುದು, ‘ಲೇ’ ಅನ್ನಲು ನಿಮ್ಮ ಮೂಗು ಒರೆಸಿರಬೇಕು ಎನ್ನುತ್ತಿದ್ದಳು ನನ್ನಜ್ಜಿ. ಹಾಗೆ ಒರೆಸಿದವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋಗುತ್ತಾರೆ. ಆಮೇಲೆ ಉಳಿಯುವುದು ಬರೀ ಮರ್ಯಾದೆ.

ಸಂಜೆ ಜ್ವರ ಇಳಿಯಿತು. “ರೀ, ಚಾ ಕುಡದ್ರೇನ?” ಎಂದರು ಕಾಕು, ತಮ್ಮದೇ ದನಿಯಲ್ಲಿ. ಕಾಕಾ ಮಂಚದ ತುದಿಗೆ ಕುಳಿತರು.

“ಇನ್ನೊಮ್ಮಿ ಅನ್ನು.”

“ಏನನ್ಲಿರಿ?”

“ಮಲ್ಲ್ಯಾ ಅನ್ನು. ಒಂದ ಸಲ.”

“ಯವ್ವಾ! ಗಂಡನ ಹೆಸರ ಹಿಡದ ಕರೀಲೇನ್ರಿ? ನನ್ನ ಜ್ವರಾ ನಿಮಗ ಹತ್ಯಾವೇನು?”

ಕಾಕು ನಕ್ಕರು. ಕಾಕಾ ನಗಲಿಲ್ಲ.

ಅಂದಿನಿಂದ ಕಾಕಾ ಮಧ್ಯಾಹ್ನದ ಊಟಕ್ಕೆ ಏಳುತ್ತಿಲ್ಲ. ಅದೇ ಖುರ್ಚಿ. ಕಿವಿ ಮಾತ್ರ ಒಳಕೋಣೆಯ ಕಡೆ. ‘ಊಟಕ್ಕ ಬರ್ರಿ’ ಎಂದು ಕಾಕು ಕರೆದಾಯಿತು, ನಾನು ಕರೆದಾಯಿತು. ಅಂಗಿ ಸಡಿಲಾಗುತ್ತಿದೆ. ನಾನೇ ಒಮ್ಮೆ ಧೈರ್ಯ ಮಾಡಿ ‘ಲೇ ಮಲ್ಲ್ಯಾ’ ಅಂದುಬಿಡೋಣ ಎನಿಸುತ್ತದೆ. ಆದರೆ ಅವರು ‘ಬಂದ್ಯಾ ಯವ್ವಾ?’ ಎಂದುಬಿಟ್ಟರೆ?