ನಿಂತ ಮೀನು

ಬೆಳಗಿನ ಚಹಾಕ್ಕೆ ಮುನ್ನ ನಡುಮನೆಯ ಗಾಜಿನ ಪೆಟ್ಟಿಗೆಯನ್ನು ಉಗುರಿನಿಂದ ಎರಡು ಸಲ ತಟ್ಟುವುದು ನನ್ನ ನಿತ್ಯಕರ್ಮ. ಒಳಗಿನ ಮೂರು ಬಂಗಾರದ ಮೀನುಗಳು ಗಾಬರಿಯಿಂದ ಚದುರಿ ಓಡಿದರೆ ಮಾತ್ರ ನನಗೆ ಚಹಾ ರುಚಿಸುತ್ತದೆ. ಮುದ್ದೇಬಿಹಾಳದ ನಮ್ಮ ಓಣಿಯವರು ಇದನ್ನು ಯಾವುದೋ ವ್ರತವೆಂದು ತಿಳಿದಿದ್ದಾರೆ. ತಿದ್ದುವ ಉತ್ಸಾಹ ನನಗೂ ಇಲ್ಲ.

ಮೀನು ತಿನ್ನದ, ಮುಟ್ಟದ ಮನೆತನ ನಮ್ಮದು. ಹಾಗಿದ್ದೂ ಅವು ಒಳಗೆ ಬಂದದ್ದು ನನ್ನ ಹೆಂಡತಿ ನೀಲವ್ವನ ಸಲುವಾಗಿ. ಶ್ರಾವಣದಲ್ಲಿ ಜ್ವರ ಬಂದು ಹೋದ ಮೇಲೆ ಅವಳು ಮಂಚ ಬಿಟ್ಟು ಏಳುತ್ತಿರಲಿಲ್ಲ. ಕಾಯಿಪಲ್ಲೆಯವಳೊಡನೆ ಬೆಂಡೆಕಾಯಿಯ ಎಳೆತನದ ಬಗ್ಗೆ ಗಂಟೆಗಟ್ಟಲೆ ಶಾಸ್ತ್ರಾರ್ಥ ನಡೆಸುತ್ತಿದ್ದ ಹೆಂಗಸು ಈಗ ಉಪ್ಪಿಲ್ಲದ ಸಾರನ್ನೂ ಮಾತಿಲ್ಲದೆ ಉಣ್ಣುತ್ತಿದ್ದಳು. "ನಮ್ಮಾಕಿ ಈಗ ಭಾಳ ಸಾಧು ಆಗ್ಯಾಳ ನೋಡ್ರಿ" ಎಂದು ಕಚೇರಿಯಲ್ಲಿ ಹೇಳಿ, ನಾಲ್ಕು ಜನ ನಗುವಾಗ ನಾನೂ ನಕ್ಕಿದ್ದೆ. ಒಂದು ದಿನ ಅವಳು ಯಾರದೋ ಮನೆಯಲ್ಲಿ ಕಂಡಿದ್ದ ಬಣ್ಣದ ಮೀನುಗಳನ್ನು ನೆನೆದಳು. ಇವಾದರೂ ಅವಳನ್ನು ಎಬ್ಬಿಸಿ ಕೂಡಿಸಿಯಾವೆಂದು ನಾನು ಹೊರಟೆ.

ಬಸವನ ಬಾಗೇವಾಡಿಯ ಸಂತೆಗೆ ಒಬ್ಬ ಸೋಲಾಪುರದಿಂದ ಗಾಜಿನ ಬರಣಿಗಳಲ್ಲಿ ಮೀನು ತರುತ್ತಿದ್ದ. ಮಸೂತಿ ಎಂಬ ಹಳ್ಳಿಯಲ್ಲಿ ಒಕ್ಕಲುತನ ಮಾಡಿದ ನನ್ನ ತಂದೆ, ಎತ್ತು ಕೊಳ್ಳುವಾಗ ಹಲ್ಲು, ಸುಳಿ ಎಲ್ಲ ನೋಡಿದ ಮೇಲೂ, ಬೆನ್ನಿಗೆ ಕೈಯಿಟ್ಟರೆ ಅಲುಗದೆ ನಿಂತದ್ದನ್ನೇ ಹೊಡೆದುಕೊಂಡು ಬರುವವರು. ಆ ಪಿತ್ರಾರ್ಜಿತ ವಿದ್ಯೆಯನ್ನು ನಾನು ಬರಣಿಯ ಮುಂದೆ ಪ್ರಯೋಗಿಸಿದೆ. ತಳದಲ್ಲಿ ರೆಕ್ಕೆ ಮುದುಡಿ, ಬರಣಿ ಅಲುಗಾಡಿಸಿದರೂ ಧ್ಯಾನಸ್ಥವಾಗಿದ್ದ ಎರಡನ್ನು ಆರಿಸಿದೆ.

"ಗೌಡ್ರ ಕಣ್ಣಂದ್ರ ಕಣ್ರಿ!" ಎಂದ ಆತ. ನನ್ನ ಮೀಸೆ ತುಸು ಮೇಲೇರಿದ್ದು ನಿಜ.

ನಾಲ್ಕನೆಯ ದಿನಕ್ಕೆ ಎರಡೂ ತೇಲಿದವು. ಮುಂದಿನ ಸಂತೆಯಲ್ಲಿ ಇನ್ನೂ ಸಾಧುವಾದವುಗಳನ್ನು ಹುಡುಕಿ ತಂದೆ. ಅವು ಎರಡೇ ದಿನ ಬಾಳಿದವು.

"ಸಾಕ್ರಿ. ಪಾಪದವು, ಸಾಯಾಕ ನಮ್ಮ ಮನಿಗ್ಯಾಕ ಬರಬೇಕು?" ಎಂದು ನೀಲವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

ಇಂಡಿ ಊರಿನಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ಹಿತ್ತಲಿನ ಸಿಮೆಂಟ್ ತೊಟ್ಟಿಗಳಲ್ಲಿ ಮೀನು ಮರಿ ಮಾಡಿಸುತ್ತಾರೆಂದು ಕೇಳಿ, ರಜೆ ಹಾಕಿ ಹೋದೆ. ಅವರು ಕೊಡುವ ಮಾತನ್ನೇ ಎತ್ತಲಿಲ್ಲ. ನೀರು ಯಾವ ಬಾವಿಯದು, ಎಷ್ಟು ದಿನಕ್ಕೊಮ್ಮೆ ಬದಲಿಸುತ್ತೀರಿ ಎಂದು, ಹೆಣ್ಣು ಕೊಡುವವರ ಹಾಗೆ, ನನ್ನನ್ನೇ ಪರೀಕ್ಷಿಸಿದರು. ನನ್ನ ಆಯ್ಕೆಯ ವಿಧಾನ ಕೇಳಿ ಹಣೆ ಬಡಿದುಕೊಂಡರು.

"ನಿಂತ ಮೀನು ಸಾಧು ಅಲ್ರಿ ಗೌಡ್ರ, ಜಡ್ಡಿನ ಮೀನು. ಬೆರಳು ತೋರಿಸಿದ್ರ ಓಡಬೇಕು, ಕಾಳು ಹಾಕಿದ್ರ ಜಗಳಾಡಿ ತಿನ್ನಬೇಕು. ಸುಮ್ಮನಿದ್ದದ್ದು ಸುಖದಾಗ ಐತಿ ಅಂತ ಯಾರ ಹೇಳ್ಯಾರ ನಿಮಗ?"

ಅವರೇ ಹಿಡಿದುಕೊಟ್ಟ ಮೂರು ಜಗಳಗಂಟ ಮೀನುಗಳನ್ನು ವನಸ್ಪತಿಯ ಖಾಲಿ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಸಿಂದಗಿ ದಾಟುವಾಗ ಮಾಸ್ತರರ ಕೊನೆಯ ಮಾತು ಮೀನನ್ನು ಬಿಟ್ಟು ನಮ್ಮ ಮನೆಯ ಮಂಚದ ಹತ್ತಿರ ಹೋಗಿ ನಿಂತಿತು.

ಮನೆಗೆ ಬಂದವನು ಡಬ್ಬಿ ಕೆಳಗಿಡುವ ಮೊದಲೇ ಕೇಳಿದೆ: "ನೀಲಾ, ನಿನಗ ಎಲ್ಲಿ ನೋಯತೈತಿ?"

ಅವಳು ಗೋಡೆಯ ಕಡೆಯಿಂದ ನನ್ನತ್ತ ಹೊರಳಿದಳು. ಆಮೇಲೆ ಹೊಟ್ಟೆಯ ಬಲಭಾಗಕ್ಕೆ ಕೈಯಿಟ್ಟು, "ಅಂತೂ ಈಗ ಕೇಳಿದ್ರಿ" ಎಂದಳು.

ಬಿಜಾಪುರದ ಡಾಕ್ಟರರು ಬೈಯಲಿಲ್ಲ; ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದಷ್ಟೇ ಕೇಳಿದರು. ಮೀನು ಹುಡುಕುತ್ತಿದ್ದೆ ಎಂದು ಹೇಳಲಾದೀತೇ? ಸಂಕ್ರಾಂತಿಯವರೆಗೆ ಅವಳು ಇದ್ದಳು. ಮಲಗಿದಲ್ಲಿಂದಲೇ ಕೈಚಾಚಿ ಪೆಟ್ಟಿಗೆಯ ಕೆಳಮೂಲೆಯನ್ನು ಬಳೆಯಿಂದ ತಟ್ಟುತ್ತಿದ್ದಳು. ತಟ್ಟಿದೊಡನೆ ನಾನು ಮೇಲಿನಿಂದ ಚುರುಮುರಿಯ ಪುಡಿ ಉದುರಿಸಬೇಕು. ತಡವಾದರೆ, "ಕೈಗೇನು ಜೋಮು ಹಿಡದೈತೇನ್ರಿ?" ಎಂದು ಗದರುತ್ತಿದ್ದಳು. ಆ ಗದರಿಕೆ ಕೇಳಿ ನನಗಾಗುತ್ತಿದ್ದ ಸಂತೋಷವನ್ನು ಅವಳಿಗೆ ಹೇಳಲಿಲ್ಲ.

ಮೀನುಗಳು ಇನ್ನೂ ಇವೆ. ನಾನು ಮೇಲೆ ತಟ್ಟಿದರೆ ಓಡುತ್ತವೆ. ಆರೋಗ್ಯದ ಲಕ್ಷಣವದು, ಚಹಾ ಕುಡಿಯುತ್ತೇನೆ. ಮಂಚವಿದ್ದ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೆಳಮೂಲೆಯನ್ನು ತಟ್ಟಿದರೆ ಮಾತ್ರ ಒಂದೂ ಓಡುವುದಿಲ್ಲ. ಮೂರೂ ಅಲ್ಲಿಗೇ ಬಂದು, ಗಾಜಿಗೆ ಮೂತಿ ಹಚ್ಚಿ, ಕಾಯುತ್ತವೆ.