ಸಾರಿನ ಪಾತ್ರೆಯ ತೂಕ

ಅಥಣಿ ತಾಲೂಕಿನ ಸತ್ತಿಯ ಹತ್ತಿರದ ಒಂದು ಸಣ್ಣ ಊರಿನ ಶಾಲೆಯಲ್ಲಿ ಸತ್ತೆವ್ವ ಹತ್ತೊಂಬತ್ತು ವರ್ಷಗಳಿಂದ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಇನ್ನೂರ ಮೂವತ್ತು ಮಕ್ಕಳಿಗೆ ಅನ್ನ, ಸಾರು. ಕೈಜೋಡಿಸಲು ತುಳಸವ್ವ ಒಬ್ಬಳೇ. ಇಲಿಗಳ ಕಾಟವೆಂದು ಅಕ್ಕಿಯನ್ನು ಅಂಗಳದಾಚೆಯ ಕೋಣೆಯಲ್ಲಿ ಇಟ್ಟಿದ್ದರು. ಐವತ್ತು ಕಿಲೋದ ಚೀಲವನ್ನು ಇಬ್ಬರೂ ಎಳೆದು, ಎತ್ತಿ ತರಬೇಕು. ನೆಲದ ಮೇಲಿನ ಒಲೆಯಿಂದ ಕುದಿಯುವ ಪಾತ್ರೆಯನ್ನು ಬಗ್ಗಿ ಇಳಿಸಬೇಕು. ಸಂಜೆ ಮನೆಗೆ ಬಂದು ಗೋಡೆಗೆ ಬೆನ್ನು ಆನಿಸಿ ಕೂತರೆ ಅವಳಿಗೆ ಚಹಾ ಕುಡಿಯಲೂ ಮನಸ್ಸಾಗುತ್ತಿರಲಿಲ್ಲ. ನಡದ ನೋವನ್ನು ಯಾರಿಗೂ ಹೇಳುತ್ತಿರಲಿಲ್ಲ. ಹೇಳುವಂಥದ್ದೆಂದು ಅನಿಸಿಯೇ ಇರಲಿಲ್ಲ.

ಜೂನ್ ತಿಂಗಳ ಒಂದು ಮಧ್ಯಾಹ್ನ ಇಬ್ಬರೂ ಸಾರಿನ ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದರು. ಬಾಗಿಲು ಇಕ್ಕಟ್ಟು. ಸತ್ತೆವ್ವ ಕಾಲು ಕಿತ್ತಿಡದೆ ನಡವನ್ನಷ್ಟೇ ತಿರುಗಿಸಿದಳು. ಒಳಗೆ ಏನೋ ಹರಿದಂತಾಯಿತು. ಹಲ್ಲು ಕಚ್ಚಿ, ಒಂದು ಹನಿಯೂ ಚೆಲ್ಲದಂತೆ ಪಾತ್ರೆಯನ್ನು ಕೆಳಗಿಟ್ಟಳು. ಆಮೇಲೆ ನೆಟ್ಟಗೆ ನಿಲ್ಲಲು ಆಗಲಿಲ್ಲ. ಮಕ್ಕಳು ಉಂಡು ಏಳುವವರೆಗೂ ಖಾಲಿ ಚೀಲಗಳ ಮೇಲೆ ಮಲಗಿದ್ದಳು.

ಅಥಣಿಯ ಡಾಕ್ಟರು ಎಕ್ಸ್‌ರೇ ನೋಡಿ ಕೇಳಿದರು, "ಏನ್ ಕೆಲಸ ಮಾಡತೀರಿ?"

"ಅಡಗಿ ಮಾಡತೀನ್ರಿ."

"ಅಡಗಿ ಮಾಡಿದ್ರ ನಡ ಹಿಂಗ ಆಗೂದಿಲ್ರಿ. ಭಾರ ಏನ್ ಎತ್ತತೀರಿ?"

ಸತ್ತೆವ್ವ ಅಕ್ಕಿಯ ಚೀಲ, ಸಾರಿನ ಪಾತ್ರೆ ಎಂದಳು. ಎಷ್ಟು ಭಾರವೆಂದು ಯಾರೂ ಕೇಳಿರಲಿಲ್ಲ.

ಎರಡು ತಿಂಗಳು ಏನೂ ಎತ್ತಬಾರದೆಂದರು. ಕೆಲಸ ಕೈತಪ್ಪುತ್ತದೆಂಬ ಹೆದರಿಕೆಯಿಂದ ಅವಳು ಸೊಸೆ ಉಜ್ವಲಾಳನ್ನು ತನ್ನ ಬದಲಿಗೆ ಕಳಿಸಿದಳು. ನಾಲ್ಕನೆಯ ದಿನ ಉಜ್ವಲಾ ಸಿಟ್ಟಿನಿಂದಲೇ ಮನೆಗೆ ಬಂದಳು. "ಅತ್ತ್ಯಾರ, ಆ ಪಾತ್ರಿ ಇಷ್ಟ ವರ್ಷ ಹೆಂಗ್ ಎತ್ತಿದ್ರಿ?"

ಮರುದಿನ ಅವಳು ಪಡಿತರ ಅಂಗಡಿಯ ತೂಕದ ಯಂತ್ರವನ್ನು ಶಾಲೆಗೆ ತರಿಸಿದಳು. ತುಂಬಿದ ಸಾರಿನ ಪಾತ್ರೆಯನ್ನು ಅದರ ಮೇಲೆ ಇಟ್ಟು, ಹೆಡ್‌ಮಾಸ್ತರ ಶ್ರೇಣಿಕ ಅವರನ್ನು ಕರೆದಳು. ಐವತ್ತೆಂಟು ಕಿಲೋ.

"ಸರ್, ನೀವ ಒಮ್ಮೆ ಎತ್ತಿ ನೋಡ್ರಿ."

ಅವರು ಒಂದು ಹಿಡಿಕೆ ಹಿಡಿದು ಎತ್ತಿ, ತಕ್ಷಣ ಬಿಟ್ಟರು. ಇಷ್ಟು ದಿನ ಸಾರಿನ ರುಚಿ ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕುವುದೇ ಅವರ ಕೆಲಸವಾಗಿತ್ತು. "ನನ್ನ ತಪ್ಪು ಇದು, ಯವ್ವಾ," ಎಂದರು.

ಮುಂದಿನ ತಿಂಗಳಲ್ಲಿ ಅವರು ಕೆಲವು ಬದಲಾವಣೆ ಮಾಡಿಸಿದರು. ದೊಡ್ಡ ಪಾತ್ರೆಯ ಬದಲು ಮೂರು ಸಣ್ಣವು ಬಂದವು. ಒಲೆಗಳನ್ನು ನಡದ ಎತ್ತರದ ಕಟ್ಟೆಯ ಮೇಲೆ ಇಟ್ಟರು. ಅಕ್ಕಿಗೆ ಮುಚ್ಚಳದ ತಗಡಿನ ಡಬ್ಬಿ ಮಾಡಿಸಿ ಅಡುಗೆಮನೆಯಲ್ಲೇ ಇರಿಸಿದರು. ಊರಿನ ವೆಲ್ಡರ್ ಲಕ್ಷ್ಮಣ ಗಾಲಿಯ ಮೇಜು ಮಾಡಿಕೊಟ್ಟ. ಪಾತ್ರೆಗಳು ಅದರ ಮೇಲೆ ಕೂತು ಅಂಗಳಕ್ಕೆ ಬರುತ್ತಿದ್ದವು.

ಆಗಸ್ಟ್ ಕೊನೆಗೆ ಸತ್ತೆವ್ವ ನಡಕ್ಕೆ ಪಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಮರಳಿದಳು. ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದಳು. ಅವಳಿಗೆ ಖುಷಿಗಿಂತ ದಣಿವೇ ಹೆಚ್ಚಾಯಿತು.

"ಒಂದ ತಿಂಗಳದ ಕೆಲಸ ಆಗಿತ್ತಲ್ಲ ತುಳಸವ್ವ, ಇದು. ಹತ್ತೊಂಬತ್ತ ವರ್ಷ ಯಾಕ್ ಹೋದವು?"

"ನಾವು ಕೇಳಲಿಲ್ಲ," ಎಂದಳು ತುಳಸವ್ವ. "ಕೇಳಬಹುದು ಅಂತನೂ ಗೊತ್ತಿರಲಿಲ್ಲ."

ನೋವು ಪೂರ್ತಿ ಹೋಗಲಿಲ್ಲ. ಮೋಡ ಕವಿದ ದಿನ ಕಾಲಿನವರೆಗೂ ಇಳಿಯುತ್ತದೆ. ಭಾರದ ಕೆಲಸವನ್ನು ಈಗ ಹೊಸದಾಗಿ ಬಂದ ನೀಲಮ ಮಾಡುತ್ತಾಳೆ. ಅವಳು ನಡ ತಿರುಗಿಸಿದ್ದು ಕಂಡರೆ ಸತ್ತೆವ್ವ ಕೂತಲ್ಲಿಂದಲೇ ಕೂಗುತ್ತಾಳೆ, "ಕಾಲ್ ಕಿತ್ತಿಡ ಬೇ, ನಡ ಅಲ್ಲ!" ಮತ್ತೆ ತಲೆ ತಗ್ಗಿಸಿ ಬೇಳೆಯಲ್ಲಿನ ಕಲ್ಲು ಆರಿಸುತ್ತಾಳೆ.