ಮೂರನೇ ಮಗ್ಗದ ಗುಂಡಿ

ನೀಲಗಿರಿ ಎಣ್ಣೆಯ ವಾಸನೆಗೆ ಬೇರೆಯವರ ನೆಗಡಿ ಬಿಡುತ್ತದೆ, ನನಗೆ ಸಿಟ್ಟು ಏರುತ್ತದೆ. ಹೋದ ವಾರ ಸೇಲಂ ಜಂಕ್ಷನ್ನಿನಲ್ಲಿ ಟೌನ್ ಬಸ್ಸು ಹತ್ತಿದ್ದೆ. ಮುಂದೆ ಕೂತಿದ್ದ ಹೆಂಗಸು ಚೀಲದಿಂದ ಪುಟ್ಟ ಸೀಸೆ ತೆಗೆದು ಸೊಂಟಕ್ಕೆ ಎಣ್ಣೆ ತಿಕ್ಕಿಕೊಂಡಳು. ಗುರುತಿಲ್ಲ ಪರಿಚಯವಿಲ್ಲ, ಆದರೂ ಎಷ್ಟು ದಿನದಿಂದ ನೋವು, ಯೂರಿನ್ ಟೆಸ್ಟ್ ಮಾಡಿಸಿದ್ದೀಯಾ ಎಂದು ಗದರಿಸುವ ಹಾಗೇ ಕೇಳಿಬಿಟ್ಟೆ. ಅವಳು ನನ್ನನ್ನು ಒಂಥರಾ ನೋಡಿ, ಎದ್ದು ಬೇರೆ ಸೀಟಿಗೆ ಹೋದಳು. ಅವಳದೇನೂ ತಪ್ಪಿಲ್ಲ. ನನಗೆ ಆ ವಾಸನೆ ಎಂದರೆ ಪಕ್ಕದ ಮನೆ ಅಕ್ಕನ ಬೆನ್ನು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೆಟ್ಟೂರಿನ ಆಚೆಯ ಒಂದು ಹಳ್ಳಿಯಿಂದ ಸೇಲಂನ ನೇಕಾರರ ಬೀದಿಗೆ ನಾನು ಸೊಸೆಯಾಗಿ ಬಂದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ತವರಿನಲ್ಲೂ ನಾವು ಮಗ್ಗದವರೇ, ಹಾಗಾಗಿ ಲಾಳಿಯ ಸದ್ದು ನನಗೆ ಹೊಸದಲ್ಲ. ಹೊಸದಾಗಿದ್ದದ್ದು ಬೇರೆ. ನಮ್ಮ ಹಳ್ಳಿಯಲ್ಲಿ ಮನೆಯ ಹಿಂದೆ ಜೋಳದ ಹೊಲ, ಅದರಾಚೆ ಕುರುಚಲು ಕಾಡು. ಹೆಂಗಸರು ಬೇಕೆಂದಾಗ ಚೊಂಬು ಹಿಡಿದು ಹೋಗಿ ಬರುತ್ತಿದ್ದರು. ಇಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು, ಒಂದಕ್ಕೂ ಕಕ್ಕಸಿಲ್ಲ. ಹಿತ್ತಲಲ್ಲಿ ಬಚ್ಚಲು ಅಂತ ಮೂರು ಕಲ್ಲುಚಪ್ಪಡಿ, ಅದಕ್ಕೆ ಮರೆಯಿಲ್ಲ. ಅದರೆದುರೇ ಗಂಡಸರು ಬೆಳಗಿನಿಂದ ಸಂಜೆವರೆಗೆ ನೂಲಿಗೆ ಬಣ್ಣ ಹಾಕುತ್ತಾ ನಿಂತಿರುತ್ತಿದ್ದರು. ಬೀದಿಯ ಕೊನೆಯಲ್ಲಿದ್ದ ಸಾರ್ವಜನಿಕ ಕಕ್ಕಸಿಗೆ ಬಾಗಿಲೇ ಇರಲಿಲ್ಲ. ಬೆಳಕು ಹರಿಯುವ ಮೊದಲು ಒಂದು ಸಲ, ಕತ್ತಲು ಕವಿದ ಮೇಲೆ ಒಂದು ಸಲ, ಹೆಂಗಸರೆಲ್ಲ ಗುಂಪಾಗಿ ಕೆರೆ ಏರಿಯ ಕಡೆ ಹೋಗಿ ಬರಬೇಕು. ನಡುವೆ ಅವಸರವಾದರೆ ಹಲ್ಲು ಕಚ್ಚಿ ಕೂತಿರಬೇಕು.

ನಾನು ಬಂದ ಮೊದಲ ವಾರದಲ್ಲೇ ಅಕ್ಕ ನನ್ನ ಸಂಕಟ ಕಂಡುಹಿಡಿದಳು. ಅವಳಿಗೆ ಆಗ ನಲವತ್ತರ ಹತ್ತಿರ. ನನ್ನ ಕೈಯಲ್ಲಿದ್ದ ನೀರಿನ ಲೋಟವನ್ನು ಮೆಲ್ಲಗೆ ತೆಗೆದಿಟ್ಟು, "ಬೆಳ್ಗೆ ಒಂದೀಟು ಕುಡಿ, ಆಮ್ಯಾಕೆ ಬ್ಯಾಡ ಕಣಮ್ಮಿ. ಗಂಟ್ಲು ಒಣಗ್ದ್ರೆ ಬಾಯಿ ಮುಕ್ಕಳಿಸಿ ಉಗಿ. ನಾವೆಲ್ಲಾ ಅಂಗೇ ಬಾಳಾಟ ಮಾಡ್ತಾ ಇರಾದು" ಎಂದಳು. ನನಗೆ ಅಡುಗೆ ಕಲಿಸಿದವರು ನನ್ನ ಅತ್ತೆ, ನೀರು ಕುಡಿಯದೆ ಇರುವುದನ್ನು ಕಲಿಸಿದವಳು ಅಕ್ಕ. ಪ್ರೀತಿಯಿಂದಲೇ ಕಲಿಸಿದಳು, ಅದೇ ಹೊಟ್ಟೆ ಉರಿಸುವ ಸಂಗತಿ.

ಆ ಬೀದಿಯಲ್ಲಿ ಅವಳಂಥ ಕೈ ಇನ್ನೊಂದಿರಲಿಲ್ಲ. ರೇಷ್ಮೆ ಸೀರೆಯ ಅಂಚಿನಲ್ಲಿ ಒಂದು ಎಳೆ ತಪ್ಪಿದ್ದನ್ನು ನಾನು ಕಾಣೆ. ಬಾಯಿಯೂ ಅಷ್ಟೇ ಚುರುಕು. "ನಿನ್ ಗಂಡ ನೇಯ್ದ ಸೀರೆ ಉಟ್ಕಂಡು ಮದ್ವೆಗೆ ಓದ್ರೆ ಊಟದ ಪಂತಿ ಏಳೋದ್ರೊಳ್ಗೆ ಅರ್ದೋಯ್ತದೆ" ಎಂದು ನನ್ನ ಯಜಮಾನರ ಎದುರೇ ರೇಗಿಸುತ್ತಿದ್ದಳು. ನಗುತ್ತಿದ್ದಳು, ನಗುನಗುತ್ತಲೇ ಒಂದು ಕೈ ಸೊಂಟಕ್ಕೆ ಹೋಗುತ್ತಿತ್ತು...

ಆ ಸೊಂಟದ ನೋವನ್ನು ಯಾರೂ ನೋವೆಂದೇ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಬಗ್ಗಿ ಕೂರುವವರಿಗೆ ಸೊಂಟ ನೋಯದೆ ಇನ್ನೇನು ನೋಯುತ್ತದೆ? ನಮ್ಮ ಬೀದಿಯಲ್ಲಿ ಸೊಂಟ ನೋಯುತ್ತದೆ ಎಂದರೆ ಯಾರೂ ತಲೆಯೆತ್ತಿ ಕೂಡ ನೋಡುತ್ತಿರಲಿಲ್ಲ. ಮಧ್ಯಾಹ್ನ ಮಗ್ಗ ನಿಲ್ಲಿಸಿದಾಗ ನಾನು ಅವಳ ಬೆನ್ನಿಗೆ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದೆ. ಮೂಲೆ ಅಂಗಡಿಯಿಂದ ನೋವಿನ ಮಾತ್ರೆ ತಂದುಕೊಟ್ಟವಳೂ ನಾನೇ. ಅವಳಿಗೆ ತೀರದ ದಾಹವಿತ್ತು, ಮೈ ಇಳಿಯುತ್ತಿತ್ತು, ಎರಡು ದಿನಕ್ಕೊಮ್ಮೆ ಚಳಿಜ್ವರ ಬರುತ್ತಿತ್ತು. ಇಷ್ಟೆಲ್ಲ ಕಣ್ಣೆದುರಿಗಿದ್ದರೂ ನಾವು ಮಗ್ಗದ ಮೇಲೇ ತಪ್ಪು ಹಾಕಿದೆವು.

ಒಂದು ದಿನ ಅವಳು ಮಗ್ಗದ ಮೇಲೆಯೇ ಮುಗ್ಗರಿಸಿ ಬಿದ್ದಳು. ಮೈ ಕೆಂಡ, ಹಲ್ಲು ಕಟಕಟ. ಆಟೋದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಹೋದೆವು. ರಕ್ತ ನೋಡಿದರೆ ಸಕ್ಕರೆ ಕಾಯಿಲೆ, ಅದೂ ಎಷ್ಟೋ ವರ್ಷದ್ದು. ಮೂತ್ರ ನೋಡಿದರೆ ಕೀವು. ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದರು. ವಾರ್ಡಿನಲ್ಲಿ ಹನ್ನೆರಡು ದಿನ ಇಟ್ಟುಕೊಂಡರು, ಜೊತೆಗೆ ನಾನಿದ್ದೆ. ಲೇಡಿ ಡಾಕ್ಟರು ಬಂದು ಏನು ಕೇಳಿದರೂ ಅಕ್ಕನದು ತಮಿಳಿನಲ್ಲಿ ಒಂದೇ ಉತ್ತರ: "ನಾಂಗ ತರಿಕಾರಂಗಮ್ಮಾ, ಇಡುಪ್ಪು ವಲಿದಾನ್." ನಾವು ಮಗ್ಗದವರು, ಬರೀ ಸೊಂಟನೋವು ಅಂತ. ಉರಿಯಾಗುತ್ತದೆ, ಕೆಳಗೆ ನೋಯುತ್ತದೆ ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು, ಅವರೆದುರು ಬಾಯಿ ಬಿಡಲಿಲ್ಲ.

ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗುತ್ತಾರೆ ಎಂದು ಡಾಕ್ಟರು ನನ್ನನ್ನು ಕೇಳಿದರು. ಎರಡು ಸಲ, ಎಂದೆ. ಯಾಕೆ ಎಂದರು. ಕತ್ತಲಿರುವುದು ಎರಡೇ ಸಲ ಅಲ್ಲವಾ, ಎಂದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ ಬಾವನನ್ನು, ಅಂದರೆ ಅಕ್ಕನ ಗಂಡನನ್ನು, ಕರೆಸಿದರು. ಹೆಂಗಸಿಗೆ ನೀರು ಕುಡಿಯಲು ಬಿಡಿ, ಬಂದಾಗ ಹೋಗಲು ಒಂದು ಜಾಗ ಮಾಡಿಕೊಡಿ, ಮೂತ್ರಪಿಂಡ ತಿನ್ನುವ ಆ ನೋವಿನ ಮಾತ್ರೆ ಕಣ್ಣಿಗೂ ತೋರಿಸಬೇಡಿ, ಇನ್ನೊಂದು ಸಲ ಹೀಗೇ ಆದರೆ ಉಳಿಯುವುದು ಕಷ್ಟ ಎಂದು ಬಿಡಿಸಿ ಬಿಡಿಸಿ ಹೇಳಿದರು. ಬಾವ ಕೈಕಟ್ಟಿಕೊಂಡು ತಲೆಯಾಡಿಸಿದರು. ಆ ತಲೆಯಾಟ ನೆನೆದರೆ ಇವತ್ತೂ ಮೈ ಉರಿಯುತ್ತದೆ.

ಮನೆಗೆ ಬಂದ ಮೇಲೆ ಅಕ್ಕ ಬಾವನನ್ನು ಕೇಳಿದಳು. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ, ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತಿತ್ತು.

"ನೋಡಿ, ಡಾಕ್ಟ್ರಮ್ಮ ಏಳಿದ್ದು ನೆನಪೈತಾ? ಇತ್ಲಲ್ಲಿ ಒಂದು ಮೂಲೆ ಐತಲ್ಲ..."

"ಪಾಕ್ಕಲಾಂ, ಪಾಕ್ಕಲಾಂ. ದೀವಳ್ಗೆ ಆರ್ಡ್ರು ಮುಗೀಲಿ."

ನೋಡೋಣ ಅಂತ ತಮಿಳಿನಲ್ಲಿ ಹೇಳಿದರೆ ನಮ್ಮ ಗಂಡಸರಿಗೆ ಮಾತು ಮುಗಿದ ಹಾಗೆ. ದೀಪಾವಳಿ ಹೋಯಿತು, ಮತ್ತೆ ಕೇಳಿದಳು. ಪೊಂಗಲ್ ಹೋಯಿತು, ಮತ್ತೊಂದು ಸಲ ಕೇಳಿದಳು. ಮೂರನೇ ಸಲ ಅವಳ ದನಿ ಎಷ್ಟು ಇಳಿದಿತ್ತೆಂದರೆ, ಗೋಡೆಗೆ ಕಿವಿ ಕೊಟ್ಟರೆ ಮಾತ್ರ ಕೇಳಿಸಿತು.

ಪೊಂಗಲ್ ಆದ ಮರುತಿಂಗಳು, ಮಾಸಿಯಲ್ಲಿ, ಒಂದು ಬೆಳಿಗ್ಗೆ ಪಕ್ಕದ ಹಿತ್ತಲಲ್ಲಿ ಗುದ್ದಲಿ ಸದ್ದಾಯಿತು. ಓಡಿಹೋದೆ. ಇಬ್ಬರು ಆಳುಗಳು ಆ ಮೂಲೆಯಲ್ಲಿ ಗುಂಡಿ ತೋಡುತ್ತಿದ್ದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನನ್ನ ಕೈ ಹಿಡಿದು, "ಬಾಯಲ್ಲಿ ಏಳ್ದಿದ್ರೂ ಮನ್ಸಲ್ಲಿ ಇಕ್ಕಂಡವ್ರೆ ನೋಡು" ಎಂದಳು. ಒಳಗೆ ಹೋಗಿ ಮಡಕೆಯಿಂದ ಒಂದು ಚೊಂಬು ನೀರು ತುಂಬಿಕೊಂಡು ನಿಂತಲ್ಲೇ ಪೂರ್ತಿ ಕುಡಿದಳು. ಹಗಲು ಹೊತ್ತಿನಲ್ಲಿ ಅವಳು ಅಷ್ಟು ನೀರು ಕುಡಿದದ್ದನ್ನು ಆಸ್ಪತ್ರೆಯಲ್ಲಿ ಬಿಟ್ಟರೆ ನಾನು ಅಂದೇ ಕಂಡದ್ದು. ಆ ಚೊಂಬನ್ನು ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡ ರೀತಿ...

ಮಧ್ಯಾಹ್ನ ಬಡಗಿ ಬಂದ. ಅವನ ಹಿಂದೆ ತಲೆಯ ಮೇಲೆ ಮರ ಹೊತ್ತ ಇನ್ನೊಬ್ಬ. ಮಗ್ಗದ ಕಂಬಗಳು, ಹಲಗೆ, ತುಳಿಯುವ ಕಾಲುಮಣೆ. ಗುಂಡಿ ತೋಡಿಸಿದ್ದು ಮೂರನೇ ಮಗ್ಗಕ್ಕೆ. ಮೇಲೊಂದು ತಗಡಿನ ಮಾಡು ಹಾಕಿಸಿ, ವಯಸ್ಸಿಗೆ ಬಂದಿದ್ದ ಮಗನನ್ನು ಅಲ್ಲಿ ಕೂರಿಸುವ ಲೆಕ್ಕ. ಬಾವ ಖುಷಿಯಲ್ಲಿದ್ದರು. ಕಂಬಕ್ಕೆ ಅರಿಸಿನ ಕುಂಕುಮ ಇಡಲು ಅಕ್ಕನನ್ನೇ ಕರೆದರು. ಅವಳು ಬಂದು ಇಟ್ಟಳು. ಕುಡಿದ ಒಂದು ಚೊಂಬು ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಕತ್ತಲಾಗುವವರೆಗೆ ಕಾಲು ಮಡಚಿ ಕೂತಳು. ಮತ್ತೆಂದೂ ಅವಳು ಕೇಳಲಿಲ್ಲ.

ಆಮೇಲಿನ ಎರಡು ವರ್ಷ ಮನೆಗಿಂತ ವಾರ್ಡೇ ಹೆಚ್ಚು. ಮೂರು ಸಲವೋ ನಾಲ್ಕು ಸಲವೋ ಸೇರಿಸಿದೆವು, ಈಗ ಸರಿಯಾಗಿ ನೆನಪಿಲ್ಲ. ಪ್ರತಿ ಸಲವೂ ಸೂಜಿ, ಬಾಟಲು, ಜ್ವರ ಇಳಿದ ಮೇಲೆ ವಾಪಸ್ಸು ಅದೇ ಮನೆ. ಕಾಫಿಗೆ ಸಕ್ಕರೆ ಹಾಕದೆ ಕೊಟ್ಟು ಪಥ್ಯ ಮಾಡಿಸುತ್ತಿದ್ದೇವೆ ಎಂದು ಮನೆಯವರು ಬೀಗುತ್ತಿದ್ದರು. ವಾರ್ಡಿನಲ್ಲಿದ್ದಾಗ ಅವಳ ಮುಖಕ್ಕೆ ಒಂದು ಕಳೆ ಬರುತ್ತಿತ್ತು. ಅಲ್ಲಿ ಹತ್ತು ಹೆಜ್ಜೆಗೆ ಬಾಗಿಲಿರುವ ಕಕ್ಕಸಿತ್ತು. "ಇಲ್ಲಿ ಸುಖವಾಗೈತೆ ಕಣಮ್ಮಿ, ಯಾವಾಗ ಬೇಕಾದ್ರೂ ಓಗ್ಬೋದು" ಎಂದು ಒಂದು ದಿನ ಹೇಳಿದಳು. ಕೊನೆಗೆ ಕಾಲು, ಮುಖ ಎಲ್ಲ ಊದಿ, ಅದೇ ವಾರ್ಡಿನಲ್ಲಿ ತೀರಿಕೊಂಡಳು. ನಲವತ್ತಮೂರು ವರ್ಷ. ನೋಡಲು ಬಂದವರೆಲ್ಲ, ಪಾಪ, ಸಕ್ಕರೆ ಕಾಯಿಲೆ, ಹಣೆಬರಹ ಎಂದರು. ಹಣೆಬರಹವಂತೆ.

ಮರುವರ್ಷ ಮಗನಿಗೆ ಧರ್ಮಪುರಿ ಕಡೆಯಿಂದ ಹೆಣ್ಣು ನೋಡಿದರು. ಕಕ್ಕಸಿಲ್ಲದ ಮನೆಗೆ ಹುಡುಗಿ ಕೊಡುವುದಿಲ್ಲ ಎಂದು ಬೀಗರು ಖಡಾಖಂಡಿತವಾಗಿ ಹೇಳಿದರು. ಇಪ್ಪತ್ತು ದಿನದಲ್ಲಿ ಕಟ್ಟಿ ಮುಗಿಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ. ಅದಕ್ಕೆ ಸುಣ್ಣ ಹೊಡೆಯುವುದನ್ನು ನೋಡಲಾಗದೆ ನಾನು ಒಂದು ವಾರ ತವರಿಗೆ ಹೋಗಿ ಕೂತೆ.

ಹೋದ ವಾರ ಆ ಬಸ್ಸಿಳಿದು ನಾನು ಆ ಬೀದಿಗೇ ಹೋಗಿದ್ದೆ, ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಕರೆಯಲು. ನಾವು ಆ ಮನೆ ಬಿಟ್ಟು ಬಹಳ ಕಾಲವಾಯಿತು. ಬಾವನ ಮನೆಯಲ್ಲಿ ಈಗ ಒಂದು ಮಗ್ಗವೂ ಇಲ್ಲ, ಒಳಗೇ ಎರಡು ಬಾತ್‌ರೂಮು ಇವೆ. ಬಾವನಿಗೆ ಎಂಬತ್ತರ ಹತ್ತಿರ, ಅವರಿಗೂ ಸಕ್ಕರೆ ಕಾಯಿಲೆ. ನಾನು ಕೂತಿದ್ದ ಅರ್ಧ ಗಂಟೆಯಲ್ಲಿ ಎರಡು ಸಲ ಎದ್ದು ಹೋಗಿಬಂದರು. ಅಕ್ಕನ ಮಾತು ಅವರೇ ತೆಗೆದರು.

"ಅವ್ಳು ಒಂದ್ ಮಾತು ಬಾಯ್ಬುಟ್ಟು ಕೇಳಿದ್ರೆ ನಾನು ಕಟ್ಟುಸ್ಕೊಡ್ತಿರ್ಲಿಲ್ವಾ ಏಳಮ್ಮ. ಒಂದಿನಾನೂ ಕೇಳ್ಲಿಲ್ಲ ಮಾರಾಯ್ತಿ."

"ಕೇಳಿದ್ಲು ಬಾವ. ಮೂರು ಸಲ ಕೇಳಿದ್ಲು. ಗೋಡೆ ಈಚೆ ನಾನಿದ್ದೆ."

ಅವರು ನೆಲ ನೋಡಿದರು. ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಆಡಿದ್ದಕ್ಕೆ ಹಗುರವಾಗಬೇಕಿತ್ತು. ಆಗಲಿಲ್ಲ. ಅವರು ತಲೆಯೆತ್ತಿ, ಜೋರಾಗಿಯೂ ಅಲ್ಲ, ಸುಮ್ಮನೆ ತಿಳಿದುಕೊಳ್ಳುವವರ ಹಾಗೆ, "ಕೇಳುಸ್ಕಂಡಿದ್ದೋಳು ನೀನ್ಯಾಕಮ್ಮ ಆವತ್ತೇ ಬಂದು ಏಳ್ಲಿಲ್ಲ?" ಎಂದರು. ಕರೆಯೋಲೆ ಅಲ್ಲಿಟ್ಟು ಎದ್ದು ಬಂದೆ. ಅವರಿಗೆ ನಾನು ಉತ್ತರ ಹೇಳಿಲ್ಲ, ಅಕ್ಕನಿಗೆ ಹೇಳೋಣವೆಂದರೆ ಅವಳಿಲ್ಲ.